ಟೆಂಟಿಗೆ ಅತ್ತೆಯೂ ಬಂದರು

ಹೊರಡಬೇಕಾದ ಬೆಳಿಗ್ಗೆ ಹೆಂಡತಿ ಆಸ್ಪತ್ರೆಯ ಯೂನಿಫಾರ್ಮ್ ಹಾಕಿಕೊಂಡು ರೂಮಿನಿಂದ ಹೊರಗೆ ಬಂದಾಗಲೇ ಗಂಡನಿಗೆ ಅರ್ಥವಾಯಿತು, ಪ್ರಯಾಣಕ್ಕೆ ಕಲ್ಲು ಬಿತ್ತು ಅಂತ. ಅವಳು ನರ್ಸು. ಜೊತೆಯವಳೊಬ್ಬಳು ಜ್ವರ ಬಂದು ಮಲಗಿದ್ದಳು, ಬದಲಿಗೆ ಯಾರೂ ಸಿಕ್ಕಿರಲಿಲ್ಲ. ಹಗಲಿನ ಡ್ಯೂಟಿಯ ಜೊತೆಗೆ ರಾತ್ರಿಯದನ್ನೂ ಇವಳ ತಲೆಗೇ ಕಟ್ಟಿದ್ದರು.

"ಮುಂದಿನ ವಾರ ಹೋದ್ರಾಯ್ತು," ಅಂದಳು, ಮಕ್ಕಳ ಮುಖ ನೋಡದೆ.

ಮಕ್ಕಳು ಬಾಗಿಲ ಹತ್ತಿರವೇ ಇದ್ದರು. ನಾಲ್ಕು ವರ್ಷದ ಮಗ ಟೆಂಟಿನ ಚೀಲದ ಮೇಲೆ ಕುದುರೆ ಸವಾರಿ ಮಾಡುತ್ತಿದ್ದ. ಒಂದು ಕಡೆ ಒಂದು ಗಳಿಗೆ ನಿಲ್ಲದ ಅವನಿಗೆ ಮನೆಯಲ್ಲಿ ಬುಗುರಿ ಅಂತಲೇ ಹೆಸರು. ಏಳು ವರ್ಷದ ಮಗಳಿಗೆ ಲಾಯರಮ್ಮ ಅಂತ. ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮುಂದಿನ ವಾರ ಅಂದ್ರೆ ಯಾವತ್ತೂ ಇಲ್ಲ ಅಂತ ಅರ್ಥ," ಅಂದಳು ಲಾಯರಮ್ಮ. "ಸೈಕಲ್ ಕಲಿಸೋಕೂ ಮುಂದಿನ ವಾರ ಅಂದಿದ್ರಿ. ಆ ಸೈಕಲ್ಲು ಈಗ ನಂಗೆ ಚಿಕ್ಕದಾಗೋಯ್ತು."

ಎಷ್ಟೋ ತಿಂಗಳಿಂದ ಮಕ್ಕಳಿಬ್ಬರೂ ಊಟದ ಮೇಜಿನ ಮೇಲೆ ಬೆಡ್‌ಶೀಟು ಇಳಿಬಿಟ್ಟುಕೊಂಡು ಅದರ ಕೆಳಗೇ ಸಂಸಾರ ಹೂಡಿದ್ದರು. ಅದನ್ನು ನೋಡೀ ನೋಡೀ ಅಪ್ಪ ಜೊತೆಯ ಕೆಲಸಗಾರನಿಂದ ಈ ಟೆಂಟು ಕೇಳಿ ತಂದಿದ್ದ. ಆದರೆ ಅವನು ಲಿಫ್ಟ್ ಮೆಕ್ಯಾನಿಕ್ಕು. ಲಿಫ್ಟಿನ ಗುಂಡಿಗೆ ಒಬ್ಬ ಇಳಿದರೆ ಮೇಲೆ ಇನ್ನೊಬ್ಬ ಇರಲೇಬೇಕು ಅನ್ನೋದು ಆ ಕೆಲಸದ ಮೊದಲ ಪಾಠ. ಪಕ್ಕದಲ್ಲೇ ಕೆರೆ ಇರುವ ಜಾಗಕ್ಕೆ ಬುಗುರಿಯಂಥ ಮಗನನ್ನು ತಾನೊಬ್ಬನೇ ಕರೆದುಕೊಂಡು ಹೋಗೋದು ಅವನಿಗೆ ಸರಿ ಕಾಣಲಿಲ್ಲ.

"ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಪುಟ್ಟಾ," ಅಂದ.

ಕಿಟಕಿ ಪಕ್ಕದ ಕುರ್ಚಿಯಿಂದ ಮೆಲ್ಲಗೆ ಒಂದು ದನಿ ಬಂತು. "ನಿಮಗೆ ತೊಂದರೆ ಇಲ್ಲ ಅಂದ್ರೆ, ನಾನು ಬರಬಹುದಾ?"

ಎಲ್ಲರೂ ತಿರುಗಿ ನೋಡಿದರು. ಕೇಳಿದವರು ಅತ್ತೆ, ಅಂದರೆ ಹೆಂಡತಿಯ ತಾಯಿ.

"ಅಮ್ಮಾ, ನಿನ್ನ ಮಂಡಿ!" ಅಂದಳು ಹೆಂಡತಿ.

"ಮಂಡೀನೂ ನನ್ನ ಜೊತೆಗೇ ಬರುತ್ತೆ," ಅಂದರು ಅತ್ತೆ.

ಅತ್ತೆ ಈ ಮನೆಗೆ ಬಂದು ಒಂದು ವರ್ಷವಾಗಿತ್ತು. ಮಾವ ತೀರಿಕೊಂಡ ಮೇಲೆ ಮಗಳೇ ಹಟ ಮಾಡಿ ಕರೆತಂದಿದ್ದಳು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದನಿ ಎತ್ತಿ ಮಾತಾಡಿದ್ದನ್ನು ಮಗಳೂ ಕೇಳಿರಲಿಲ್ಲ. ಅಳಿಯನಿಗಂತೂ ಮದುವೆಯ ದಿನದಿಂದಲೂ "ನೀವು", "ತಾವು", "ಅಳಿಯಂದ್ರೇ". ಅಳಿಯನೂ ಅಷ್ಟೇ. ಅವರು ಹಾಲಿಗೆ ಬಂದರೆ ಟೀವಿ ಸಣ್ಣಗೆ ಮಾಡುತ್ತಿದ್ದ, ಪೇಪರು ಅರ್ಧ ಓದಿದ್ದರೂ ಮಡಚಿ ಕೊಡುತ್ತಿದ್ದ. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಎದುರಾದರೆ "ನೀವು ಮೊದಲು ಹೋಗಿ", "ಇಲ್ಲ, ನೀವೇ ಹೋಗಿ" ಅಂತ ಇಬ್ಬರೂ ನಿಂತುಬಿಡುವರು. ಈ ಮರ್ಯಾದೆಯ ಮಧ್ಯೆ ಸಿಕ್ಕಿಕೊಂಡು ಬುಗುರಿ ಒಂದೆರಡು ಸಲ ಚಡ್ಡಿಯಲ್ಲೇ ಮಾಡಿಕೊಂಡದ್ದೂ ಉಂಟು. ಜಗಳವಿಲ್ಲ, ಮುನಿಸಿಲ್ಲ. ಸಲಿಗೆಯೂ ಇಲ್ಲ.

ಅಂಥ ಅತ್ತೆಯ ಜೊತೆ ಒಂದೇ ಟೆಂಟಿನಲ್ಲಿ ಒಂದು ರಾತ್ರಿ! ಅಳಿಯ ಹೆಂಡತಿಯ ಮುಖ ನೋಡಿದ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಅಷ್ಟರಲ್ಲಿ ಬುಗುರಿ ಅಜ್ಜಿಯ ಚಪ್ಪಲಿ ತಂದು ಅವರ ಕಾಲ ಹತ್ತಿರ ಇಟ್ಟಾಗಿತ್ತು. ಇನ್ನು ಮಾತೇನಿದೆ?

"ಡ್ಯೂಟಿ ಮುಗಿಸಿ ನಾಳೆ ಬಸ್ಸು ಹಿಡಿದು ಅಲ್ಲಿಗೇ ಬರ್ತೀನಿ," ಅಂದು ಹೆಂಡತಿ ಓಡಿದಳು.

ಕೆರೆಯ ದಂಡೆಯಲ್ಲಿ ಹುಲ್ಲು ಕತ್ತರಿಸಿ ಟೆಂಟು ಹಾಕಲು ಜಾಗ ಬಿಟ್ಟಿದ್ದರು. ಆಗಲೇ ಹತ್ತಾರು ಟೆಂಟುಗಳು ಎದ್ದಿದ್ದವು. ಒಂದು ಕಡೆ ಸಾಲಾಗಿ ನಲ್ಲಿಗಳು, ಅದರ ಹಿಂದೆ ಶೌಚಾಲಯ, ಗೇಟಿನ ಹತ್ತಿರ ಕಾವಲುಗಾರನ ಕೋಣೆ. ಅಳಿಯ ಒಂದು ಮರದ ಬುಡದಲ್ಲಿ ಸಮತಟ್ಟಾದ ಜಾಗ ಆರಿಸಿ, ಚೀಲ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಹುಲ್ಲಿನ ಮೇಲೆ ಸುರಿದ. ಹತ್ತು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟು ಕೂದಲೆಳೆಯಷ್ಟೂ ವಾಲದ ಹಾಗೆ ನಿಲ್ಲಿಸುವವನಿಗೆ ಒಂದು ಬಟ್ಟೆಯ ಮನೆ ಯಾವ ಲೆಕ್ಕ ಅಂದುಕೊಂಡಿದ್ದ. ಕಡ್ಡಿಗಳು ಒಂದಕ್ಕೊಂದು ಸೇರಿದವು. ಆದರೆ ಸೇರಿದ ಕಡ್ಡಿ ಯಾವ ತೂತಿನಿಂದ ಹೊಕ್ಕು ಯಾವ ತೂತಿನಿಂದ ಬರಬೇಕು ಅಂತ ತಿಳಿಯಲಿಲ್ಲ. ಒಂದು ತುದಿ ನೆಲಕ್ಕೆ ಊರಿದರೆ ಇನ್ನೊಂದು ತುದಿ ಹಾರಿ ಮರಕ್ಕೆ ಬಡಿಯುತ್ತಿತ್ತು.

"ಚಿತ್ರದಲ್ಲಿ ಹೀಗಿಲ್ಲ ಅಪ್ಪಾ," ಅಂದಳು ಲಾಯರಮ್ಮ, ಚೀಲದ ಜೊತೆ ಬಂದ ಹಾಳೆ ಹಿಡಿದುಕೊಂಡು.

"ಹಾಳೆ ತಲೆಕೆಳಗಾಗಿ ಹಿಡಿದಿದೀಯ ಕಣೇ."

"ಸರಿಯಾಗಿ ಹಿಡಿದ್ರೂ ಹೀಗಿಲ್ಲ."

ಕೊನೆಗೆ ಅತ್ತೆ ಕೋಲೂರಿಕೊಂಡು ಬಂದು, "ನಾನೇನಾದ್ರೂ ಹಿಡ್ಕೊಳ್ಲಾ?" ಅಂತ ಕೇಳಿದರು. "ಒಳಗೆ ನಿಂತು ಮಧ್ಯದಲ್ಲಿ ಸ್ವಲ್ಪ ಎತ್ತಿ ಹಿಡೀರಿ ಅತ್ತೆ, ಒಂದೇ ನಿಮಿಷ," ಅಂದ ಅಳಿಯ. ಅವರು ಬಟ್ಟೆಯ ಒಳಗೆ ಹೊಕ್ಕು ಎರಡೂ ಕೈ ಮೇಲೆತ್ತಿ ನಿಂತರು. ಅಷ್ಟು ಹೊತ್ತು ಸುಮ್ಮನಿದ್ದ ಗಾಳಿ ಆಗಲೇ ಬೀಸಬೇಕೆ! ಟೆಂಟು ಅವರಿಗೆ ಸುತ್ತಿಕೊಂಡಿತು. ಹೊರಗಿನಿಂದ ನೋಡಿದರೆ ನೀಲಿ ಬಟ್ಟೆ ಸುತ್ತಿದ ದೊಡ್ಡ ಗೊಂಬೆಯ ಹಾಗೆ ಕಾಣುತ್ತಿದ್ದರು. ಅಳಿಯ ಗೂಟ ಹುಡುಕುತ್ತ ಹುಲ್ಲಿನಲ್ಲಿ ತಡಕಾಡುತ್ತಿದ್ದ, ಯಾಕೆಂದರೆ ಗೂಟಗಳನ್ನೆಲ್ಲ ಬುಗುರಿ ಒಯ್ದು ಇರುವೆಗೂಡಿನ ಸುತ್ತ ಬೇಲಿ ಹಾಕಿದ್ದ.

ಒಳಗಿನಿಂದ ಎಂದಿನ ಮೆತ್ತನೆಯ, ವಿನಯದ ದನಿ ಬಂತು. "ಅಳಿಯಂದ್ರೇ, ನಾನು ಇನ್ನೂ ಎಷ್ಟು ಹೊತ್ತು ಕಂಬ ಆಗಿರಬೇಕು?"

ಲಾಯರಮ್ಮ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಅಳಿಯನಿಗೂ ನಗು ಬಂತು, ಆದರೆ ಅತ್ತೆಯ ಮುಂದೆ ಹೇಗೆ ನಗೋದು ಅಂತ ಕೆಮ್ಮಿದ. ಆಮೇಲೆ ಬಟ್ಟೆಯ ಒಳಗಿನಿಂದಲೇ ಕಿಸಕ್ಕೆಂದ ಸದ್ದು ಕೇಳಿತು. ಅತ್ತೆಯೇ ನಗುತ್ತಿದ್ದರು. ಆಗ ಅವನೂ ತಡೆಯಲಾರದೆ ನಕ್ಕುಬಿಟ್ಟ.

ಟೆಂಟು ನಿಂತಿತು. ಬಾಗಿಲು ಕೆರೆಯ ಕಡೆ ಬರುವ ಬದಲು ಮುಳ್ಳುಪೊದೆಯ ಕಡೆ ಬಂದಿತ್ತು. ಮತ್ತೆ ಕಿತ್ತು ತಿರುಗಿಸುವ ಧೈರ್ಯ ಯಾರಿಗೂ ಇರಲಿಲ್ಲ. "ಪೊದೇನೂ ಚೆನ್ನಾಗೇ ಇದೆ," ಅಂದರು ಅತ್ತೆ.

ಮಧ್ಯಾಹ್ನವೆಲ್ಲ ಮಕ್ಕಳು ಕೆರೆಯ ಅಂಚಿನಲ್ಲಿ ಕಲ್ಲು ಆಯ್ದರು, ಆಯ್ದದ್ದನ್ನು ನೀರಿಗೆ ಎಸೆದರು. ಅಳಿಯ ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡು ನೀರಿಗೂ ಮಕ್ಕಳಿಗೂ ಮಧ್ಯೆ ಗೋಡೆಯಂತೆ ನಿಂತಿದ್ದ. ಸಂಜೆ ಸಣ್ಣ ಗ್ಯಾಸ್ ಒಲೆಯ ಮೇಲೆ ಮೊಟ್ಟೆ ಬೇಯಿಸಿದರು, ಬ್ರೆಡ್ಡು ಸುಟ್ಟರು. ಬ್ರೆಡ್ಡು ನಿಜವಾಗಿಯೇ ಸುಟ್ಟುಹೋಯಿತು. ಮನೆಯಲ್ಲಿ ಬ್ರೆಡ್ಡಿನ ಅಂಚು ಕಂದಾದರೂ ತಟ್ಟೆ ದೂಡುವ ಬುಗುರಿ ಇಲ್ಲಿ ಕರಿ ಬ್ರೆಡ್ಡನ್ನು ಕರಕರ ಅಗಿದು "ಇನ್ನೊಂದು" ಅಂದ.

ಹಗಲು ಇರುವವರೆಗೂ ಎಲ್ಲ ಚೆನ್ನಾಗಿತ್ತು. ಕೆರೆಯಾಚೆ ಬೆಳಕು ಕರಗತೊಡಗಿದಾಗ ಲಾಯರಮ್ಮನ ಮಾತು ಕಮ್ಮಿಯಾಯಿತು. ಅದು ಒಳ್ಳೆಯ ಲಕ್ಷಣವಲ್ಲ ಅಂತ ಅಪ್ಪನಿಗೆ ಗೊತ್ತಿತ್ತು.

"ಅಪ್ಪಾ, ಟೆಂಟಿಗೆ ಬೀಗ ಹಾಕೋದು ಹೇಗೆ?"

"ಬೀಗ ಇಲ್ಲ ಪುಟ್ಟಾ. ಜಿಪ್ಪು ಇದೆ."

"ಜಿಪ್ಪು ಯಾರು ಬೇಕಾದ್ರೂ ತೆಗೀಬಹುದು."

"ಯಾರು ತೆಗೀತಾರೆ?"

"ಯಾರು ಬೇಕಾದ್ರೂ." ಅವಳಿಗೆ ಅಳು ಬಂತು. "ಮನೆಗೆ ಹೋಗೋಣ. ಅಮ್ಮ ಬೇಕು."

ಅಪ್ಪ ಸಮಾಧಾನ ಹೇಳಲು ಹೋದಷ್ಟೂ ಅಳು ಜೋರಾಯಿತು. ಅಕ್ಕ ಅಳೋದು ಕಂಡು ಬುಗುರಿಯೂ ಶುರುಮಾಡಿದ. ಅವನಿಗೆ ಕಾರಣ ಬೇಕಿರಲಿಲ್ಲ. ಅಕ್ಕಪಕ್ಕದ ಟೆಂಟಿನವರು ಇಣುಕಿ ನೋಡಿದರು. ಮನೆಗೆ ವಾಪಸಾಗಲು ಅಪ್ಪ ಕಾರಿನ ಕೀಲಿ ಕೈಗೆ ತೆಗೆದುಕೊಳ್ಳಬೇಕೆನ್ನುವಷ್ಟರಲ್ಲಿ ಅತ್ತೆ ಲಾಯರಮ್ಮನ ಹತ್ತಿರ ಸರಿದು ಅವಳ ಕಿವಿಯಲ್ಲಿ ಹೇಳಿದರು, "ನಂಗೂ ಭಯ ಆಗ್ತಿದೆ ಕಣೇ."

ಹುಡುಗಿ ಅಳು ನಿಲ್ಲಿಸಿ ನೋಡಿದಳು. "ನಿಂಗೂನಾ?"

"ಹೂಂ. ಹೀಗೆ ಹೊರಗೆ ಯಾವತ್ತೂ ಮಲಗಿಲ್ಲ ನಾನು. ನೀನು ಒಂದು ಪಕ್ಕ ಮಲಗು, ಅವನು ಒಂದು ಪಕ್ಕ ಮಲಗಲಿ. ನಾನು ಮಧ್ಯ. ಭಯ ಆದ್ರೆ ನಿನ್ನ ಕೈ ಹಿಡ್ಕೋತೀನಿ, ಬಿಡಿಸ್ಕೋಬಾರ್ದು."

ಅಜ್ಜಿಗೆ ಧೈರ್ಯ ಹೇಳುವ ಕೆಲಸ ಸಿಕ್ಕ ಮೇಲೆ ಲಾಯರಮ್ಮನಿಗೆ ತನ್ನ ಅಳುವಿಗೆ ಪುರುಸೊತ್ತಾಗಲಿಲ್ಲ. ಹೊರಗೆ ಏನೇ ಸದ್ದಾದರೂ "ಅದು ಕಪ್ಪೆ ಅಜ್ಜಿ", "ಅದು ಯಾರೋ ಪಾತ್ರೆ ತೊಳೀತಿರೋದು" ಅಂತ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತಲೇ ನಿದ್ದೆ ಹೋದಳು.

ಅತ್ತೆಗೆ ಒಂದು ಸಲ ಹೊರಗೆ ಹೋಗಿಬರಬೇಕಿತ್ತು. ಕೂತರೆ ಏಳಲಾಗದ ಮಂಡಿ. ಅಳಿಯ ಟೆಂಟಿನ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದ. ಅವರು ಹಿಂದೆಮುಂದೆ ನೋಡಿದರು. ಇಷ್ಟು ವರ್ಷದಲ್ಲಿ ಅವರು ಅಳಿಯನ ಕೈ ಮುಟ್ಟಿರಲಿಲ್ಲ.

"ಹಿಡ್ಕೊಳ್ಳಿ ಅತ್ತೆ. ಜನರನ್ನ ಮೇಲೆತ್ತೋದೇ ನನ್ನ ಕೆಲಸ ಅಲ್ವಾ."

"ಮಧ್ಯದಲ್ಲಿ ಕೆಟ್ಟು ನಿಂತ್ರೆ?" ಅಂದರು ಅತ್ತೆ, ಕೈ ಹಿಡಿದುಕೊಳ್ಳುತ್ತ.

ಹೋಗಿಬಂದ ಮೇಲೆ ಇಬ್ಬರೂ ಹೊರಗೆ ಮಡಚುಕುರ್ಚಿಗಳಲ್ಲಿ ಒಂದಿಷ್ಟು ಹೊತ್ತು ಕೂತರು. ಮಾತಾಡಲೇಬೇಕಲ್ಲ ಅಂತ ಅಳಿಯ ಎಕ್ಸ್‌ಚೇಂಜಿನ ಕೆಲಸದ ಬಗ್ಗೆ ಕೇಳಿದ. ಕೇಳಿದ್ದು ಮರ್ಯಾದೆಗೆ, ಆದರೆ ಅತ್ತೆ ಹೇಳತೊಡಗಿದ ಮೇಲೆ ಅವನಿಗೆ ನಿಜವಾಗಿಯೂ ಕೇಳಬೇಕೆನಿಸಿತು. ಕಿವಿಗೆ ಹೆಡ್‌ಫೋನು, ಎದುರಿಗೆ ಬೋರ್ಡಿನ ತುಂಬ ಮಿಣುಕುವ ದೀಪ. ದೀಪ ಹತ್ತಿದ ಕಡೆ ವೈರು ಚುಚ್ಚಿದರೆ ಒಂದು ದನಿ. ಅದು ಯಾರದು ಅಂತ ಗೊತ್ತಿರುತ್ತಿರಲಿಲ್ಲ. ದೊಡ್ಡ ಅಧಿಕಾರಿಯೂ ಇರಬಹುದು, ಹೆರಿಗೆಯ ಸುದ್ದಿ ಹೇಳಲು ಒದ್ದಾಡುವ ಗಂಡನೂ ಇರಬಹುದು, ಜಗಳವಾಡಿಕೊಂಡ ಪ್ರೇಮಿಯೂ ಇರಬಹುದು.

"ಅದಕ್ಕೇ ಎಲ್ಲರಿಗೂ ಒಂದೇ ದನೀಲಿ 'ನೀವು' ಅನ್ನಬೇಕು ಅಂತ ಕಲಿಸಿದ್ರು," ಅಂದರು. "ಮಾತಾಡಿದ್ದು ಸಾವಿರಾರು ಜನರ ಹತ್ತಿರ. ಮುಖ ನೋಡಿದ್ದು ಒಬ್ಬರದೂ ಇಲ್ಲ. ಅಭ್ಯಾಸ ಆಗೋಯ್ತು. 'ನನ್ನ ಹತ್ತಿರಾನೂ ಹಾಗೇ ಮಾತಾಡ್ತೀಯಲ್ಲ' ಅಂತ ನಮ್ಮನೆಯವರು ರೇಗಿಸ್ತಿದ್ರು."

ಅಳಿಯನೂ ಲಿಫ್ಟಿನ ಒಂದೆರಡು ಕತೆ ಹೇಳಿದ. ಮದುಮಗ ಒಬ್ಬನೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡದ್ದು, ಬಾಗಿಲು ತೆರೆಸಿದಾಗ ಅವನು ಗೋಡೆಗೊರಗಿ ಗಡದ್ದಾಗಿ ನಿದ್ದೆ ಮಾಡುತ್ತಿದ್ದದ್ದು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಒಳಗೆ ಹೋಗಿ ಮಕ್ಕಳ ನಡುವೆ ಮಲಗಿದರು. ಅಳಿಯ ಬಾಗಿಲಿಗೆ ಅಡ್ಡವಾಗಿ ಮಲಗಿದ, ಯಾರೇ ಹೊರಗೆ ಹೋದರೂ ತನ್ನನ್ನು ದಾಟಿಯೇ ಹೋಗಬೇಕು ಅಂತ.

ಬೆಳಿಗ್ಗೆ ಅವನಿಗೆ ಎಚ್ಚರವಾದಾಗ ಟೆಂಟಿನ ನೀಲಿ ಬಟ್ಟೆಯ ಮೂಲಕ ಬೆಳಕು ಸೋಸಿ ಬರುತ್ತಿತ್ತು. ಮಗಳು ಮಲಗಿದ್ದಳು. ಅತ್ತೆ ಮಲಗಿದ್ದರು. ಅವರ ಇನ್ನೊಂದು ಪಕ್ಕದಲ್ಲಿ ಖಾಲಿ ಹೊದಿಕೆ. ಬಾಗಿಲ ಜಿಪ್ಪು ಕೆಳಗಿನಿಂದ ಒಂದು ಮೊಳದಷ್ಟು ಮಾತ್ರ ತೆರೆದಿತ್ತು. ನಾಲ್ಕು ವರ್ಷದವನು ಮಲಗಿದ್ದ ಅಪ್ಪನನ್ನು ದಾಟಿ ತೂರಿಹೋಗಲು ಅಷ್ಟು ಸಾಕು.

"ಬುಗುರೀ!"

ಹೊರಗೆ ಬಂದ. ಮರದ ಹಿಂದೆ ಇಲ್ಲ. ಕಾರಿನಲ್ಲಿ ಇಲ್ಲ. ಇರುವೆಗೂಡಿನ ಹತ್ತಿರ ಇಲ್ಲ. ಮಂಜು ಇಳಿದು ಕೆರೆ ಎಲ್ಲಿ ಶುರುವಾಗುತ್ತದೆ ಅಂತಲೇ ಕಾಣುತ್ತಿರಲಿಲ್ಲ. ಎತ್ತರದಲ್ಲಿ, ಕತ್ತಲಲ್ಲಿ, ತೂಗುವ ರೋಪಿನ ಕೆಳಗೆ ಎಂದೂ ಹೆದರದವನು ಈಗ ಎತ್ತ ಹೋಗಬೇಕೆಂದು ತಿಳಿಯದೆ ಸುಮ್ಮನೆ ನಿಂತುಬಿಟ್ಟ.

ಹಿಂದಿನಿಂದ ಒಂದು ಗುಡುಗು ಕೇಳಿತು.

"ಏಯ್! ನಿಂತ್ಕೊಂಡು ಏನೋ ನೋಡ್ತಿದೀಯ? ಓಡೋ! ನೀನು ನೀರಿನ ಕಡೆ ಓಡು, ನಾನು ಗೇಟಿನ ಕಡೆ ನೋಡ್ತೀನಿ!"

ಅತ್ತೆ! ಕೋಲಿಲ್ಲ, ಚಪ್ಪಲಿಯಿಲ್ಲ, ಕೂದಲು ಕೆದರಿತ್ತು. ಅದು ಹೇಗೆ ಎದ್ದರೋ, ಆ ಮಂಡಿಯಲ್ಲಿ ಅದು ಹೇಗೆ ಹೊರಗೆ ಬಂದರೋ! ಆ ದನಿ ಕೇಳಿದ್ದೇ ತಡ ಅಳಿಯ ಓಡಿದ. ಕೆರೆಯ ಅಂಚಿನುದ್ದಕ್ಕೂ ಹೆಸರು ಕೂಗುತ್ತ ಓಡಿದ. ಕೆಸರಿನಲ್ಲಿ ಸಣ್ಣ ಹೆಜ್ಜೆಗಳಿದ್ದವು, ಆದರೆ ಅವು ನಿನ್ನೆಯವೋ ಇವತ್ತಿನವೋ ಗೊತ್ತಾಗಲಿಲ್ಲ. ನೀರು ಅಲುಗದೆ ನಿಂತಿತ್ತು. ಶಾಂತವಾದ ನೀರನ್ನು ಅವನು ಜೀವನದಲ್ಲಿ ಎಂದೂ ಅಷ್ಟು ದ್ವೇಷಿಸಿರಲಿಲ್ಲ.

"ಲೋ, ಇಲ್ಲಿದಾನೆ ಬಾರೋ! ಇಲ್ಲೇ ಇದಾನೆ!"

ದನಿ ಬಂದದ್ದು ನಲ್ಲಿಗಳ ಕಡೆಯಿಂದ. ಹೋಗಿ ನೋಡಿದರೆ, ಮುಖ ತೊಳೆಯಲು ಜನ ಸಾಲು ನಿಂತಿದ್ದರು. ಹೆಗಲ ಮೇಲೆ ಟವೆಲು ಹಾಕಿಕೊಂಡ ಗುಡ್ಡದಂಥ ಒಬ್ಬ ಮನುಷ್ಯನ ಮುಂದೆ, ಚಡ್ಡಿ ಮತ್ತು ಒಂದೇ ಒಂದು ಚಪ್ಪಲಿಯಲ್ಲಿ, ಕೈಯಲ್ಲಿ ಟೂತ್‌ಬ್ರಷ್ ಹಿಡಿದುಕೊಂಡು ಬುಗುರಿ ನಿಂತಿದ್ದ. ಹುಟ್ಟಿದಾಗಿನಿಂದ ಮೊದಲ ಸಲ, ಅಲುಗಾಡದೆ.

"ಎತ್ಕೊಳ್ಳೋಕೆ ಹೋದೆ," ಅಂದರು ಅತ್ತೆ ಏದುಸಿರು ಬಿಡುತ್ತ. "ಲೈನ್ ಬಿಟ್ಟು ಬರಲ್ಲ ಅಂತಾನೆ."

"ನಂದು ಇನ್ನೇನು ಬಂತು ಅಪ್ಪಾ," ಅಂದ ಬುಗುರಿ. "ಅಜ್ಜಿ ಗೊರಕೆ ಹೊಡೀತಿದ್ಲು, ಅದಕ್ಕೇ ಎದ್ದೆ."

"ಯಜಮಾನ್ರು ನನಗಿಂತ ಮೊದಲೇ ಬಂದಿದ್ರು," ಅಂದ ಟವೆಲಿನ ಮನುಷ್ಯ, ಗಂಭೀರವಾಗಿ. "ಯಾರ ಜೊತೆ ಬಂದಿದೀಯಪ್ಪಾ ಅಂದ್ರೆ, ಎಲ್ಲರೂ ಮಲಗಿದಾರೆ, ನಾನೇ ನೋಡ್ಕೋತಿದೀನಿ ಅಂದ್ರು."

ಅಪ್ಪ ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮಗನನ್ನು ತಬ್ಬಿಕೊಂಡ. ಬುಗುರಿಯ ಸರದಿ ಬಂದಾಗ ಅವನು ಹಲ್ಲುಜ್ಜುವುದನ್ನು ಅಪ್ಪ, ಅಜ್ಜಿ, ಸಾಲಿನವರೆಲ್ಲರೂ ನಿಂತು ನೋಡಿದರು.

ಲಾಯರಮ್ಮ ಆಗಷ್ಟೇ ಎದ್ದು ಟೆಂಟಿನ ಬಾಗಿಲಲ್ಲಿ ಕಣ್ಣುಜ್ಜುತ್ತ ಕೂತಿದ್ದಳು. ಅತ್ತೆಯ ಅಂಗಾಲಿಗೆ ಒಂದು ಮುಳ್ಳು ಚುಚ್ಚಿತ್ತು. ಅಳಿಯ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು, ಉಪಕರಣದ ಪೆಟ್ಟಿಗೆಯಲ್ಲಿದ್ದ ಚಿಮಟದಿಂದ ಮುಳ್ಳು ತೆಗೆದ. ಅವರು ಬೇಡ ಅನ್ನಲಿಲ್ಲ. ಸಣ್ಣ ದನಿಯಲ್ಲಿ ಅಂದರು, "ತಪ್ಪು ತಿಳ್ಕೋಬೇಡಿ. ಗಾಬರೀಲಿ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಏಕವಚನದಲ್ಲಿ..."

"ನಮ್ಮಮ್ಮ ಹೋದ್ಮೇಲೆ ನನ್ನ 'ಲೋ' ಅಂತ ಕರೆದವರಿಲ್ಲ ಅತ್ತೆ," ಅಂದ ಅಳಿಯ, ಮುಳ್ಳನ್ನು ಹುಲ್ಲಿಗೆ ಎಸೆಯುತ್ತ. "ಕೇಳಿ ಹಿತವಾಯ್ತು. ಹಾಗೇ ಕರೀರಿ."

ಅತ್ತೆ ಕೆರೆಯ ಕಡೆ ಮುಖ ತಿರುಗಿಸಿದರು. ಮಂಜು ಹರಿದು ಆಚೆ ದಡದ ಮರಗಳು ಒಂದೊಂದಾಗಿ ಕಾಣುತ್ತಿದ್ದವು. ಕಣ್ಣು ಒರೆಸಿಕೊಂಡು, ಪಕ್ಕದಲ್ಲಿದ್ದ ಚಹಾದ ಲೋಟ ಅವನ ಕಡೆ ಚಾಚಿದರು.

"ನೀನು... ಚಹಾ ತಗೊಳ್ಳಿ."

"ಅಜ್ಜೀ, ಅದು ತಪ್ಪು," ಅಂದಳು ಲಾಯರಮ್ಮ ತಕ್ಷಣ. "ನೀನು ತಗೋ, ಇಲ್ಲಾಂದ್ರೆ ನೀವು ತಗೊಳ್ಳಿ. ಎರಡೂ ಸೇರಿಸೋ ಹಾಗಿಲ್ಲ. ನಮ್ಮ ಟೀಚರ್ ಮಾರ್ಕ್ಸ್ ಕಟ್ ಮಾಡ್ತಾರೆ."

"ಕಲೀತಿದೀನಿ ಕಣೇ," ಅಂದರು ಅಜ್ಜಿ. "ಈ ವಯಸ್ಸಲ್ಲಿ ಹೊಸ ಪಾಠ. ಸ್ವಲ್ಪ ಟೈಮ್ ಕೊಡು."

ಬಿಸಿಲು ಏರಿದ ಮೇಲೆ ಗೇಟಿನ ಹೊರಗೆ ಬಸ್ಸು ನಿಂತ ಸದ್ದಾಯಿತು. ಯೂನಿಫಾರ್ಮಿನ ಮೇಲೆ ಸ್ವೆಟರು ಹಾಕಿಕೊಂಡು, ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ಹೆಂಡತಿ ಬಂದಳು. ಮಕ್ಕಳು ಓಡಿಹೋಗಿ ಆಳಿಗೊಂದು ಕೈ ಹಿಡಿದು ಎಳೆದು ತಂದರು. ಒಬ್ಬಳು ಕಪ್ಪೆಯ ವಿಷಯ, ಇನ್ನೊಬ್ಬ ಸಾಲಿನ ವಿಷಯ, ಇಬ್ಬರೂ ಒಟ್ಟಿಗೇ ಹೇಳುತ್ತಿದ್ದರು. ಅವಳಿಗೆ ಒಂದೂ ಅರ್ಥವಾಗಲಿಲ್ಲ, ಎಲ್ಲದಕ್ಕೂ ತಲೆಯಾಡಿಸಿದಳು.

"ಹೇಗಿತ್ತು?" ಅಂತ ಗಂಡನನ್ನು ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ಅವಳ ತಾಯಿ ಅಂದರು, "ಮೊದಲು ಅವಳಿಗೆ ಒಂದು ಮೊಟ್ಟೆ ಬೇಯಿಸೋ. ಹೊಟ್ಟೆ ಖಾಲಿ ಇರುತ್ತೆ."

ಹೆಂಡತಿ ಅಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಗಂಡ ಆಗಲೇ ಒಲೆ ಹಚ್ಚುತ್ತಿದ್ದ. ನಿದ್ದೆಗೆಟ್ಟ ಕಿವಿಗೆ ಏನೋ ತಪ್ಪಾಗಿ ಕೇಳಿಸಿರಬೇಕು ಅಂದುಕೊಂಡಳೇನೋ, ಕುರ್ಚಿ ಎಳೆದುಕೊಂಡು ಕೂತಳು.

ತಿಂದು, ಚಹಾ ಕುಡಿದು, "ಐದು ನಿಮಿಷ ಒರಗ್ತೀನಿ" ಅಂತ ಟೆಂಟಿನೊಳಗೆ ಹೋದವಳು ಹಾಗೇ ನಿದ್ದೆಗೆ ಜಾರಿದಳು. ಬುಗುರಿ ಜಿಪ್ಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ದಾರಿಯಲ್ಲಿ ಹೋಗುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು "ಶ್!" ಅನ್ನುತ್ತಿದ್ದ. ಟವೆಲಿನ ಮನುಷ್ಯ ಅಲ್ಲಿ ಹಾದುಹೋಗುವಾಗ ತುದಿಗಾಲಲ್ಲಿ ನಡೆದ.

ಸಂಜೆಯ ಹೊತ್ತಿಗೆ ಅವಳು ಕೂದಲಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡು ಹೊರಗೆ ಬಂದಳು. ಎದುರಿಗಿದ್ದ ಪೊದೆಯನ್ನು ನೋಡಿ ಮೈಮುರಿದಳು. "ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಗಿತ್ತೋ," ಅಂದಳು. "ಯಾವಾಗ ಹೊರಡೋದು?"

ಲಾಯರಮ್ಮ ಎದ್ದು ನಿಂತಳು. "ನಾಳೆ ನಂಗೂ ರಜ. ನಿಂಗೂ ರಜ. ಅಪ್ಪ ಮಧ್ಯಾಹ್ನ ಕೆಲಸಕ್ಕೆ ಹೋದ್ರೆ ಸಾಕು. ಮೊಟ್ಟೆ ಇನ್ನೂ ಇದೆ. ಅಜ್ಜಿಗೂ ಈಗ ಭಯ ಇಲ್ಲ. ಇದ್ದುಬಿಡೋಣ."

"ಅಮ್ಮಾ, ನಿನ್ನ ಮಂಡಿಗೆ ಆಗುತ್ತಾ?" ಅಂತ ಹೆಂಡತಿ ತನ್ನ ತಾಯಿಯನ್ನು ಕೇಳಿದಳು.

"ಎತ್ತೋಕೆ ಜನ ಇದಾರೆ," ಅಂದರು ಅತ್ತೆ.

ಗೇಟಿನ ಹತ್ತಿರದ ಕಾವಲುಗಾರನನ್ನು ಇನ್ನೊಂದು ರಾತ್ರಿ ಉಳಿಯಬಹುದೇ ಅಂತ ಕೇಳಿಬರಲು ಅಪ್ಪ ಹೊರಟ. ಮಕ್ಕಳಿಬ್ಬರೂ ಅವನನ್ನು ಹಿಂದೆ ಹಾಕಿ, ಕಾವಲುಗಾರನಿಗೆ ದೂರದಿಂದಲೇ ಕೂಗಿ ಹೇಳುತ್ತ ಓಡಿದರು.